ಹೆಡ್‌ಫೋನನ್ನು ಆರಿಸುವುದು ಹೇಗೆ?



ಈ ಹೊತ್ತು ನಾನು ತಮ್ಮಲ್ಲಿ ಅರಿಕೆಮಾಡಿಕೊಳ್ಳಬೇಕೆಂದಿರುವ ವಿಷಯವು ಬಹಳ ಸಣ್ಣದೆಂದು ತೋರಬಹುದು. ಕಿವಿಗೆ ಇಟ್ಟುಕೊಂಡು ಸಂಗೀತವನ್ನೋ ಮಾತನ್ನೋ ಕೇಳುವ ಹೆಡ್‌ಫೋನ್ ಎಂಬ ಸಾಧನವನ್ನು ಆರಿಸಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ. ಅಂಗಡಿಗೆ ಹೋಗಿ ಬೆಲೆ ಕೇಳಿ ಹಣ ಕೊಟ್ಟು ತರುವುದರಲ್ಲಿ ಉಪನ್ಯಾಸ ಮಾಡುವಂಥದೇನಿದೆ ಎಂದು ಕೆಲವರು ನಗಲೂಬಹುದು. ಕನ್ನಡಕವನ್ನು ಕೊಳ್ಳುವಾಗ ನಾವು ವೈದ್ಯರಲ್ಲಿಗೆ ಹೋಗಿ ಕಣ್ಣನ್ನು ಪರೀಕ್ಷೆಮಾಡಿಸುತ್ತೇವೆ. ಪಾದರಕ್ಷೆಯನ್ನು ಕೊಳ್ಳುವಾಗ ಮೆಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ದಿನಕ್ಕೆ ಮೂರು ನಾಲ್ಕು ಗಂಟೆಗಳ ಕಾಲ ಕಿವಿಯ ಬಾಗಿಲಲ್ಲೇ ಕುಳಿತಿರುವ ಈ ಸಾಧನವನ್ನು ಮಾತ್ರ ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೋಡಿ ಕೊಂಡುಬಿಡುತ್ತೇವೆ.

ಇದು ಸಣ್ಣ ವಿಷಯವಲ್ಲವೆಂದು ನನಗೆ ಮನವರಿಕೆಯಾದ ಸಂದರ್ಭವೊಂದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಂಗಿಯ ಮಗ ಕಾಲೇಜು ವಿದ್ಯಾರ್ಥಿ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಸ್ಸಿನಲ್ಲಿ ಓಡಾಡುವವನು. ಒಂದು ರಾತ್ರಿ ನಮ್ಮ ಮನೆಯಲ್ಲಿ ಮಲಗಿದ್ದವನು ಎದ್ದು ಕುಳಿತು, “ಮಾವ, ಈ ಕೋಣೆಯಲ್ಲಿ ಎಲ್ಲೋ ಜೀರುಂಡೆ ಕೂಗುತ್ತಿದೆಯಲ್ಲ, ನಿಮಗೆ ಕೇಳಿಸುತ್ತಿಲ್ಲವೆ?” ಎಂದನು. ದೀಪ ಹಾಕಿ ಮೂಲೆಮೂಲೆಯನ್ನೂ ಹುಡುಕಿದೆವು. ಜೀರುಂಡೆ ಇರಲಿಲ್ಲ, ಅದು ಕೂಗುತ್ತಿದ್ದುದು ಅವನ ಕಿವಿಯೊಳಗೆ. ವೈದ್ಯರು ಪರೀಕ್ಷಿಸಿ, ಎತ್ತರದ ಸ್ವರಗಳನ್ನು ಗ್ರಹಿಸುವ ಶಕ್ತಿ ಎರಡು ಕಿವಿಗಳಲ್ಲಿಯೂ ಕುಗ್ಗಿದೆಯೆಂದು ತಿಳಿಸಿದರು. ಅವನು ಇಟ್ಟುಕೊಳ್ಳುತ್ತಿದ್ದ ಸಾಧನವು ಕಿವಿಗೆ ಸರಿಯಾಗಿ ಕೂಡದೆ ಬಸ್ಸಿನ ಗದ್ದಲವನ್ನೆಲ್ಲ ಒಳಕ್ಕೆ ಬಿಡುತ್ತಿತ್ತು. ಆ ಗದ್ದಲವನ್ನು ಮೀರುವುದಕ್ಕೆ ಅವನು ಸದ್ದನ್ನು ತುದಿಯವರೆಗೂ ಏರಿಸುತ್ತಿದ್ದನು. ತಪ್ಪು ಹುಡುಗನದು ಎಷ್ಟೋ, ಆರಿಸಿದ ವಸ್ತುವಿನದೂ ಅಷ್ಟೇ.

ಆದುದರಿಂದ ಈ ಭಾಷಣದ ಸಾರಾಂಶವನ್ನು ಆರಂಭದಲ್ಲಿಯೇ ಹೇಳುತ್ತೇನೆ. ಯಾವ ಹೆಡ್‌ಫೋನಿನಲ್ಲಿ ಮೆಲ್ಲನೆ ಕೇಳಿದರೂ ಎಲ್ಲವೂ ಸ್ಪಷ್ಟವಾಗಿ ಕೇಳಿಸುವುದೋ ಅದೇ ಒಳ್ಳೆಯ ಹೆಡ್‌ಫೋನ್. ನಾದ, ಸುಖ, ಬೆಲೆ ಎಂಬ ಮೂರು ವಿಚಾರಗಳನ್ನೂ ಈ ಒಂದು ಒರೆಗಲ್ಲಿಗೆ ತಿಕ್ಕಿ ನೋಡೋಣ.

ಮೊದಲು ಇದರ ವಂಶವೃತ್ತಾಂತವನ್ನು ಸಂಕ್ಷೇಪವಾಗಿ ತಿಳಿಯುವುದು ಒಳ್ಳೆಯದು. ಅಮೆರಿಕದ ಯೂಟಾ ಪ್ರಾಂತದ ನೆಥಾನಿಯಲ್ ಬಾಲ್ಡ್‌ವಿನ್ ಎಂಬಾತನು ತನ್ನ ಅಡಿಗೆಮನೆಯ ಮೇಜಿನ ಮೇಲೆ ತಯಾರಿಸಿದ ಹೆಡ್‌ಫೋನುಗಳನ್ನು ೧೯೧೦ರಲ್ಲಿ ಆ ದೇಶದ ನೌಕಾಬಲವು ಕೊಂಡಿತು. ರೇಡಿಯೋವಿನ ಬಾಲ್ಯದಲ್ಲಿ ಹರಳಿನ ಸೆಟ್ಟುಗಳಿಗೆ ವಿದ್ಯುತ್ತಿನ ಬಲವೇ ಇರಲಿಲ್ಲ. ಗಾಳಿಯಲ್ಲಿ ಬಂದ ಅಲೆಯ ಶಕ್ತಿಯಿಂದಲೇ ಅವು ನುಡಿಯಬೇಕಾಗಿತ್ತು. ಆ ಕ್ಷೀಣಧ್ವನಿಯನ್ನು ಕಿವಿಗೆ ಒತ್ತಿಕೊಂಡು ಕೇಳದೆ ಗತಿಯಿರಲಿಲ್ಲ. ಮನೆಮಂದಿಯೆಲ್ಲ ಕೇಳಬೇಕೆಂದರೆ ಹೆಡ್‌ಫೋನನ್ನು ಒಂದು ಬೋಗುಣಿಯೊಳಗೆ ಇಟ್ಟು ಸುತ್ತಲೂ ಕುಳಿತುಕೊಳ್ಳುತ್ತಿದ್ದರಂತೆ. ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದ ವೇಳೆಗೆ ಧ್ವನಿವರ್ಧಕವುಳ್ಳ ರೇಡಿಯೋಗಳು ಬಂದು ಕಿವಿಗೆ ಬಿಡುವು ದೊರೆತಿತ್ತು. ಆಮೇಲೆ ೧೯೫೮ರಲ್ಲಿ ಜಾನ್ ಕಾಸ್ ಎಂಬುವರು ಎರಡು ಕಿವಿಗೂ ಬೇರೆಬೇರೆ ಧ್ವನಿಯನ್ನು ಕೊಡುವ ಸ್ಟೀರಿಯೋ ಹೆಡ್‌ಫೋನನ್ನು ಸಂಗೀತಪ್ರಿಯರಿಗಾಗಿ ಹೊರತಂದರು. ೧೯೭೯ರಲ್ಲಿ ಜಪಾನಿನ ಸೋನಿ ಸಂಸ್ಥೆಯ ವಾಕ್‌ಮನ್ ಬಂದು, ಹೆಡ್‌ಫೋನ್ ಮನೆಯನ್ನು ಬಿಟ್ಟು ಬೀದಿಗೆ ಇಳಿಯಿತು. ಬೀದಿಯ ಗದ್ದಲದೊಡನೆ ಅದರ ಪೈಪೋಟಿಯೂ ಅಂದಿನಿಂದ ಬೆಳೆಯಿತು.

ಇನ್ನು ನಾದದ ವಿಚಾರ. ಪೆಟ್ಟಿಗೆಯ ಮೇಲೆ “೨೦ರಿಂದ ೨೦,೦೦೦ ಹರ್ಟ್ಜ್” ಎಂದು ಅಚ್ಚುಮಾಡಿರುತ್ತಾರೆ. ಎಳೆಯ ವಯಸ್ಸಿನ ಆರೋಗ್ಯವಾದ ಕಿವಿ ಸುಮಾರಾಗಿ ಕೇಳಬಲ್ಲ ಎಲ್ಲೆ ಅದು. ವಯಸ್ಸಾದಂತೆ ಮೇಲಿನ ಎಲ್ಲೆ ಕೆಳಕ್ಕೆ ಇಳಿಯುತ್ತದೆ. ಆ ಎರಡು ಕೊನೆಗಳ ನಡುವೆ ಯಾವ ಸ್ವರವನ್ನು ಎಷ್ಟು ಬಲವಾಗಿ ನುಡಿಸುತ್ತದೆ ಎಂಬುದೇ ಮುಖ್ಯ. ಪೆಟ್ಟಿಗೆ ಅದನ್ನು ಹೇಳುವುದಿಲ್ಲ. ಕೆಲವರು ೪೦,೦೦೦ ಎಂದು ಬರೆದು ಮೆರೆಯುವುದುಂಟು. ಮನುಷ್ಯನ ಕಿವಿಗೆ ನಿಲುಕದ ಸ್ವರಕ್ಕಾಗಿ ನಾವು ಹಣ ತೆರಬೇಕಾದುದಿಲ್ಲ.

ಹಾಗಾದರೆ ಪರೀಕ್ಷಿಸುವುದು ಹೇಗೆ? ತಮಗೆ ಬಾಯಿಪಾಠವಾಗುವಷ್ಟು ಪರಿಚಿತವಾದ ಒಂದು ಕಚೇರಿಯ ಧ್ವನಿಮುದ್ರಣವನ್ನು ಜೊತೆಯಲ್ಲಿ ಕೊಂಡೊಯ್ಯಿರಿ. ಅಂಗಡಿಯವರು ಕೇಳಿಸುವ ಅಬ್ಬರದ ಹಾಡು ಬೇಡ. ಅಬ್ಬರದಲ್ಲಿ ಎಲ್ಲ ದೋಷಗಳೂ ಮುಚ್ಚಿಹೋಗುತ್ತವೆ. ನಮ್ಮ ಸಂಗೀತದಲ್ಲಿ ಮೂರು ಒಳ್ಳೆಯ ಪರೀಕ್ಷಕರಿದ್ದಾರೆ.

ಮೊದಲನೆಯದು ತಂಬೂರಿ. ಕುದುರೆಯ ಮೇಲೆ ತಂತಿಯ ಕೆಳಗೆ ಸೇರಿಸುವ ಸಣ್ಣ ದಾರದಿಂದ ಅದರ ನಾದಕ್ಕೆ ಜೀವ ಬರುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಸಿ. ವಿ. ರಾಮನ್ನರು ೧೯೨೧ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ವಾದ್ಯವನ್ನೂ ವೀಣೆಯನ್ನೂ ವಿಚಾರಮಾಡಿ, ತಂತಿಯನ್ನು ಮೀಟಿದ ಸ್ಥಳದ ನಿಯಮದಂತೆ ಕೇಳಬಾರದಾದ ಉಪಸ್ವರಗಳೂ ಇವುಗಳಲ್ಲಿ ತುಂಬಿ ಕೇಳಿಸುತ್ತವೆಂದು ತೋರಿಸಿದರು. ಒಳ್ಳೆಯ ಹೆಡ್‌ಫೋನಿನಲ್ಲಿ ಆ ಉಪಸ್ವರಗಳು ಒಂದರ ಹಿಂದೆ ಒಂದು ಅರಳಿ ಅಡಗುವುದನ್ನು ಕೇಳಬಹುದು. ಕೀಳು ಹೆಡ್‌ಫೋನಿನಲ್ಲಿ ತಂಬೂರಿಯು ದುಂಬಿಯ ಮೊರೆತದಂತೆ ಒಂದೇ ಮುದ್ದೆಯಾಗುತ್ತದೆ.

ಎರಡನೆಯದು ಮೃದಂಗ. ಬೆಂಗಳೂರಿಗೆ ಬಂದ ಮರುವರ್ಷ, ೧೯೩೪ರಲ್ಲಿ, ರಾಮನ್ನರು ನಮ್ಮ ಚರ್ಮವಾದ್ಯಗಳನ್ನು ಕುರಿತು ಬರೆದ ಲೇಖನದಲ್ಲಿ, ಬಲಗಡೆಯ ಚರ್ಮದ ನಡುವೆ ಇರುವ ಕರಣೆಯ ಭಾರದಿಂದ ಅದರ ಉಪಸ್ವರಗಳು ತಂತಿವಾದ್ಯದ ಸ್ವರಗಳಂತೆ ಕ್ರಮಬದ್ಧವಾಗುವ ರೀತಿಯನ್ನು ವಿವರಿಸಿದರು. ಆದಕಾರಣ ಬಲಗೈಯ ಪೆಟ್ಟಿನಲ್ಲಿ ಶ್ರುತಿ ಕೇಳಿಸಬೇಕು. ಎಡಗೈಯ ಗುಮುಕಿಯಲ್ಲಿ ಗಾಂಭೀರ್ಯವಿರಬೇಕು, ಆದರೆ ಅದು ಗಾಯಕನ ಕಂಠವನ್ನು ನುಂಗಬಾರದು. ಈಗಿನ ಅನೇಕ ಹೆಡ್‌ಫೋನುಗಳು ತಗ್ಗಿನ ಸ್ವರಗಳನ್ನು ಅಳತೆ ಮೀರಿ ಉಬ್ಬಿಸುತ್ತವೆ. ಮೊದಲ ಐದು ನಿಮಿಷ ಅದು ಭರ್ಜರಿಯಾಗಿ ತೋರುತ್ತದೆ. ಆಮೇಲೆ ಮಾತು ಅಸ್ಪಷ್ಟವಾಗಿ, ಕೇಳುವವನು ತನಗರಿಯದೆಯೇ ಸದ್ದನ್ನು ಏರಿಸುತ್ತಾನೆ.

ಮೂರನೆಯದು ಮನುಷ್ಯಕಂಠ. ಶಕಾರ, ಷಕಾರ, ಸಕಾರಗಳನ್ನು ಗಮನಿಸಿರಿ. ಅವು ಒಂದರಿಂದೊಂದು ಬೇರೆಯಾಗಿ ಕೇಳಿಸಬೇಕು. ಆದರೆ ಸೂಜಿಯಂತೆ ಚುಚ್ಚಬಾರದು. ಚುಚ್ಚಿದರೆ ಅರ್ಧ ಗಂಟೆಯಲ್ಲಿ ಕಿವಿ ಬಳಲುತ್ತದೆ.

ಇಷ್ಟಾದ ಮೇಲೆ ಆಕಾರದ ಮಾತು. ಕಿವಿಯನ್ನು ಸುತ್ತಲೂ ಮುಚ್ಚುವುದು, ಕಿವಿಯ ಮೇಲೆ ಕೂಡುವುದು, ಕಿವಿಯ ದ್ವಾರದೊಳಗೆ ಸೇರುವುದು ಎಂದು ಹೆಡ್‌ಫೋನುಗಳಲ್ಲಿ ಮೂರು ಬಗೆ. ಸುತ್ತಲೂ ಮುಚ್ಚುವುದರಲ್ಲಿಯೂ ಹಿಂಬದಿ ತೆರೆದದ್ದು, ಮುಚ್ಚಿದ್ದು ಎಂದು ಎರಡುಂಟು. ತೆರೆದದ್ದರಲ್ಲಿ ಸಭಾಂಗಣದಲ್ಲಿ ಕುಳಿತಂತೆ ನಾದವು ವಿಶಾಲವಾಗಿ ಕೇಳಿಸುತ್ತದೆ. ಆದರೆ ಒಳಗಿನ ಸದ್ದು ಹೊರಕ್ಕೂ ಹೊರಗಿನ ಸದ್ದು ಒಳಕ್ಕೂ ಧಾರಾಳವಾಗಿ ಹರಿದಾಡುತ್ತದೆ. ಮನೆಯಲ್ಲಿ ಏಕಾಂತವಾಗಿ ಕೇಳುವವರಿಗೆ ಅದು ಉತ್ತಮ. ಬಸ್ಸಿನಲ್ಲಿ ಓಡಾಡುವವರಿಗೆ ಮುಚ್ಚಿದ್ದೋ ಕಿವಿಯೊಳಗೆ ಸೇರುವುದೋ ಬೇಕು.

ಕಿವಿಯೊಳಗೆ ಸೇರುವ ಬಗೆಯ ಜೊತೆಗೆ ಸಾಮಾನ್ಯವಾಗಿ ಮೂರು ಅಳತೆಯ ಮೆತ್ತನೆಯ ತುದಿಗಳನ್ನು ಕೊಟ್ಟಿರುತ್ತಾರೆ. ಬಹುಮಂದಿ ಮೊದಲು ಇದ್ದುದನ್ನೇ ಕೊನೆಯವರೆಗೂ ಇಟ್ಟುಕೊಳ್ಳುತ್ತಾರೆ. ಇದು ದೊಡ್ಡ ತಪ್ಪು. ತುದಿಯು ಸಡಿಲವಾದರೆ ತಗ್ಗಿನ ಸ್ವರಗಳೆಲ್ಲ ಸೋರಿಹೋಗಿ ಹೊರಗಿನ ಗದ್ದಲ ಒಳಕ್ಕೆ ನುಗ್ಗುತ್ತದೆ. ನನ್ನ ಸೋದರಳಿಯನಿಗೆ ಆದದ್ದು ಇದೇ. ಮೂರನ್ನೂ ಪ್ರಯೋಗಿಸಿ ನೋಡಿರಿ. ಎಡಗಿವಿಗೂ ಬಲಗಿವಿಗೂ ಬೇರೆ ಅಳತೆ ಬೇಕಾಗುವುದೂ ಉಂಟು.

ಹೊರಗಿನ ಸದ್ದನ್ನು ವಿದ್ಯುತ್ತಿನ ಉಪಾಯದಿಂದ ಅಳಿಸುವ ಹೆಡ್‌ಫೋನುಗಳೂ ಈಗ ಬಳಕೆಯಲ್ಲಿವೆ. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರೊಬ್ಬರ ಮಗನಾದ ಅಮರ್ ಬೋಸರಿಗೆ ೧೯೭೮ರಲ್ಲಿ ವಿಮಾನಪ್ರಯಾಣದಲ್ಲಿ ಈ ಯೋಚನೆ ಹೊಳೆಯಿತು. ಅವರ ಸಂಸ್ಥೆಯು ವಿಮಾನಚಾಲಕರಿಗಾಗಿ ಮಾಡಿದ ಸಾಧನವು ೧೯೮೯ರಲ್ಲಿ ಮಾರಾಟಕ್ಕೆ ಬಂದಿತು. ಹೊರಗಿನ ಸದ್ದನ್ನು ಪುಟ್ಟ ಮೈಕ್ರೋಫೋನು ಹಿಡಿದು, ಅದಕ್ಕೆ ವಿರುದ್ಧವಾದ ಅಲೆಯನ್ನು ಒಳಗೆ ಹುಟ್ಟಿಸಿದರೆ, ಉಬ್ಬು ತಗ್ಗನ್ನು ತುಂಬಿ ಎರಡೂ ಶಾಂತವಾಗುತ್ತವೆ. ಇಂಜಿನ್ನಿನ ಎಡೆಬಿಡದ ತಗ್ಗುಮೊರೆತಕ್ಕೆ ಇದು ಬಹಳ ಪರಿಣಾಮಕಾರಿ. ಪಕ್ಕದಲ್ಲಿ ಕುಳಿತವರ ಮಾತಿಗೆ ಅಷ್ಟಾಗಿ ಅಲ್ಲ. ದಿನವೂ ದೂರ ಪ್ರಯಾಣ ಮಾಡುವವರಿಗೆ ಇದು ಬರಿಯ ವಿಲಾಸವಲ್ಲ. ಆದರೆ ಇದನ್ನು ಧರಿಸಿ ರಸ್ತೆಯನ್ನು ದಾಟತಕ್ಕದ್ದಲ್ಲ.

ಸುಖದ ವಿಚಾರಕ್ಕೆ ಬರೋಣ. ಅಂಗಡಿಯಲ್ಲಿ ಎರಡು ನಿಮಿಷ ಹಾಕಿಕೊಂಡು ನೋಡಿದರೆ ಏನೂ ತಿಳಿಯದು. ಸಾಧ್ಯವಾದರೆ ಅರ್ಧ ಗಂಟೆ ಧರಿಸಬೇಕು. ತೂಕವು ೨೫೦ ಗ್ರಾಮಿನ ಆಸುಪಾಸಿನಲ್ಲಿದ್ದರೆ ತಲೆಗೆ ಭಾರವೆನಿಸುವುದಿಲ್ಲ. ಹೆಚ್ಚಿದಷ್ಟೂ ನೆತ್ತಿಯೂ ಕತ್ತೂ ದೂರು ಹೇಳುತ್ತವೆ. ಕನ್ನಡಕ ಹಾಕುವವರು ಕನ್ನಡಕದೊಡನೆಯೇ ಪರೀಕ್ಷಿಸಬೇಕು. ಕನ್ನಡಕದ ಕಡ್ಡಿಯು ದಿಂಬಿನ ಅಡಿಯಲ್ಲಿ ಸಂದುಮಾಡಿ ಸದ್ದನ್ನು ಸೋರಿಸುತ್ತದೆ. ಬಿಗಿ ಹೆಚ್ಚಾದರೆ ಕಪೋಲದ ಮೇಲೆ ಒತ್ತಿ ತಲೆನೋವು ತರುತ್ತದೆ. ಓಲೆ, ಜುಮುಕಿ ಧರಿಸುವ ಮಹಿಳೆಯರಿಗೆ ಕಿವಿಯ ಮೇಲೆ ಒತ್ತುವ ಬಗೆ ಹಿಂಸೆಯೇ ಸರಿ. ಕಿವಿಯನ್ನು ಪೂರ್ತಿ ಒಳಗೊಳ್ಳುವ ಆಳವಾದ ದಿಂಬೇ ಅವರಿಗೆ ಅನುಕೂಲ. ನಮ್ಮ ಬೇಸಗೆಯಲ್ಲಿ ಕೃತಕ ಚರ್ಮದ ದಿಂಬು ಬೆವರಿಸುತ್ತದೆ. ಬಟ್ಟೆಯದು ತಂಪು, ಆದರೆ ಗದ್ದಲವನ್ನು ಸ್ವಲ್ಪ ಹೆಚ್ಚಾಗಿ ಬಿಡುತ್ತದೆ.

ಬೆಲೆಯ ವಿಚಾರದಲ್ಲಿ ಒಂದು ಸಮಾಧಾನದ ಸಂಗತಿಯಿದೆ. ಯೆರೂನ್ ಬ್ರೆಬಾರ್ಟ್ ಎಂಬ ಸಂಶೋಧಕರು ೨೮೩ ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ ೨೦೧೭ರಲ್ಲಿ, ಅವು ಸ್ವರಗಳನ್ನು ನುಡಿಸುವ ಸಮತೋಲಕ್ಕೂ ಅವುಗಳ ಬೆಲೆಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲವೆಂದು ಪ್ರಕಟಿಸಿದರು. ಅಂದಮೇಲೆ ದುಬಾರಿಯಾದದ್ದೇ ಇಂಪಾದದ್ದು ಎಂಬ ನಂಬಿಕೆಯನ್ನು ಬಿಡಬಹುದು. ಹಣವು ನಾದಕ್ಕಲ್ಲದೆ ಹೆಸರಿಗೂ ಹೊಳಪಿಗೂ ವಿದ್ಯುತ್ಕೋಶಕ್ಕೂ ಹಂಚಿಹೋಗುತ್ತದೆ.

ತಂತಿಯಿಲ್ಲದ ಬಗೆ ಓಡಾಡುವವರಿಗೆ ಅನುಕೂಲವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರೊಳಗಿನ ವಿದ್ಯುತ್ಕೋಶವು ಕೆಲವು ವರ್ಷಗಳಲ್ಲಿ ಸೊರಗುತ್ತದೆ. ಅದನ್ನು ಬದಲಾಯಿಸಲು ಬಾರದಿದ್ದರೆ ಇಡೀ ಸಾಧನವೇ ಕಸದ ಪಾಲು. ಕೈಯಲ್ಲಿ ಹಣ ಸ್ವಲ್ಪವೇ ಇದ್ದು ನಾದವೇ ಮುಖ್ಯವೆನ್ನುವವರು ತಂತಿಯದನ್ನೇ ಕೊಳ್ಳುವುದು ಲೇಸು. ಮೊಬೈಲಿಗೆ ನೇರವಾಗಿ ಸಿಕ್ಕಿಸುವವರು ೧೬ರಿಂದ ೩೨ ಓಮ್ ಪ್ರತಿರೋಧದ್ದನ್ನು ಆರಿಸಬೇಕು. ೩೦೦ ಓಮಿನದು ಎಷ್ಟೇ ಶ್ರೇಷ್ಠವಾದರೂ ಬೇರೊಂದು ವರ್ಧಕ ಯಂತ್ರವಿಲ್ಲದೆ ಬಹುಮಟ್ಟಿಗೆ ಬಾಯಿಬಿಡದು. ದಿಂಬನ್ನೂ ತಂತಿಯನ್ನೂ ಕಳಚಿ ಹೊಸದನ್ನು ಹಾಕಲು ಬರುವುದೇ ಎಂದು ಕೇಳಿ ತಿಳಿಯಿರಿ. ಮೊದಲು ಹಾಳಾಗುವುದು ಅವೆರಡೇ. ಒಪ್ಪದಿದ್ದರೆ ಹಿಂದಿರುಗಿಸಲು ಅವಕಾಶ ಕೊಡುವ ಅಂಗಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕೊನೆಯದಾಗಿ, ಎಷ್ಟೇ ಒಳ್ಳೆಯ ಹೆಡ್‌ಫೋನಾದರೂ ಬಳಕೆಯಲ್ಲಿ ಮಿತಿ ಬೇಕು. ನಮ್ಮ ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಅತಿಸೂಕ್ಷ್ಮವಾದ ರೋಮಕೋಶಗಳಿವೆ. ಒಮ್ಮೆ ಸತ್ತರೆ ಅವು ಮನುಷ್ಯನಲ್ಲಿ ಮರಳಿ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಪ್ರಕಟಿಸಿದ ಮಾನದಂಡದಂತೆ ದೊಡ್ಡವರು ೮೦ ಡೆಸಿಬಲ್ ಸದ್ದನ್ನು ವಾರಕ್ಕೆ ೪೦ ಗಂಟೆಗಳವರೆಗೆ ಕೇಳಬಹುದು. ಮೂರು ಡೆಸಿಬಲ್ ಏರಿದಂತೆಲ್ಲ ಕಾಲವು ಅರ್ಧಕ್ಕೆ ಇಳಿಯುತ್ತದೆ. ೯೦ ಡೆಸಿಬಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ. ಈಗಿನ ಹಲವು ಮೊಬೈಲುಗಳು ಈ ಲೆಕ್ಕವನ್ನು ತಾವೇ ಇಟ್ಟು ತೋರಿಸುತ್ತವೆ. ಅಳತೆಯಿಲ್ಲದವರಿಗೆ ಒಂದು ಸುಲಭೋಪಾಯ: ಮನೆಯ ನಿಶ್ಶಬ್ದದಲ್ಲಿ ಸಾಕೆನಿಸುವ ಮಟ್ಟವನ್ನು ಗುರುತುಮಾಡಿಕೊಂಡು, ಹೊರಗೂ ಅದನ್ನು ಹೆಚ್ಚು ಮೀರದಿರುವುದು. ಆ ಮಟ್ಟದಲ್ಲಿ ಬಸ್ಸಿನಲ್ಲಿ ಏನೂ ಕೇಳದಿದ್ದರೆ ಸದ್ದನ್ನು ಏರಿಸಬೇಡಿರಿ. ಹೆಡ್‌ಫೋನನ್ನು ಬದಲಾಯಿಸಿರಿ, ಇಲ್ಲವೆ ಇಳಿಯುವವರೆಗೂ ಕಿಟಕಿಯ ಹೊರಗೆ ನೋಡಿರಿ.

ನನ್ನ ಸೋದರಳಿಯನು ಈಗ ಕಿವಿಗೆ ಸರಿಯಾಗಿ ಕೂಡುವ, ಸಾಧಾರಣ ಬೆಲೆಯ ಒಂದು ಸಾಧನವನ್ನು ಇಟ್ಟುಕೊಂಡಿದ್ದಾನೆ. ಸದ್ದು ಅರ್ಧವನ್ನು ದಾಟುವುದಿಲ್ಲ. ಮೊನ್ನೆ ನನ್ನೊಡನೆ ಕುಳಿತು ಒಂದು ವೀಣೆಯ ಧ್ವನಿಮುದ್ರಣವನ್ನು ಕೇಳಿದನು. ಮುಗಿದ ಮೇಲೆ, “ಮಾವ, ಕೊನೆಯ ಮೀಟಿನ ನಾದ ಎಲ್ಲಿ ನಿಂತಿತೆಂದು ನನಗೆ ತಿಳಿಯಲಿಲ್ಲ, ಜೀರುಂಡೆ ಅಡ್ಡ ಬಂತು” ಎಂದನು. ಆ ಮೀಟಿನ ಕೊನೆಯ ಎಳೆ ಅಡಗುವವರೆಗೂ ಕೇಳುವ ಭಾಗ್ಯ ತಮ್ಮ ಮನೆಯ ಮಕ್ಕಳಿಗೆ ಇನ್ನೂ ಇದೆ. ಅದನ್ನು ಕಾಪಾಡಿಕೊಡಬೇಕೆಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.