ವಾಹನ ವಿಮೆ: ಸದಸ್ಯರು ತಿಳಿದಿರಬೇಕಾದ ವಿಚಾರಗಳು

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಶಿಕ್ಷಣ ಕಾರ್ಯಕ್ರಮದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿದ ಈ ಸಂದರ್ಭದಲ್ಲಿ ಎಲ್ಲರಿಗೂ ಉಪಯೋಗಕ್ಕೆ ಬರುವ ಒಂದು ವಿಷಯ ಮಾತಾಡಿ ಅಂತ ಅಧ್ಯಕ್ಷರು ಅಪ್ಪಣೆ ಮಾಡಿದರು. ಬೀಜ, ಗೊಬ್ಬರ, ಸಾಲದ ವಿಚಾರ ಪ್ರತಿ ಮಹಾಸಭೆಯಲ್ಲೂ ಬಂದೇ ಬರುತ್ತದೆ. ಅದಕ್ಕೆ ಇವತ್ತು ನಾವು ಮನೆ ಮುಂದೆ ನಿಂತಿರುವ ಗಾಡಿಯ ವಿಮೆಯ ವಿಚಾರ ತೆಗೆದುಕೊಂಡಿದ್ದೇವೆ. ನಾವು ವಕೀಲರೂ ಅಲ್ಲ, ವಿಮಾ ಏಜೆಂಟರೂ ಅಲ್ಲ. ಓದಿರುವುದು ಎಸ್.ಎಸ್.ಎಲ್.ಸಿ. ಆದರೂ ಪಾಲಿಸಿ ಕಾಗದ ಬಿಡಿಸಿ ಓದಿದರೆ ಅರ್ಥವಾಗದೇ ಇರುವಂಥದ್ದು ಅದರಲ್ಲಿ ಏನೂ ಇಲ್ಲ.

ನಮ್ಮ ಹಿರಿಯರ ಕಾಲದ ಜಾಲಹಳ್ಳಿ ಅಂದರೆ ಹೊಲ, ತೋಟ, ಎತ್ತಿನಗಾಡಿ. 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. ಆಮೇಲೆ ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಇವತ್ತು ಜಾಲಹಳ್ಳಿ ಕ್ರಾಸಿನಲ್ಲಿ ರಸ್ತೆ ದಾಟುವುದೇ ಒಂದು ಸಾಹಸ. ಬೈಕು ಮನೆಮನೆಗೂ ಇದೆ, ಕಾರು ಕೊಂಡವರೂ ಬಹಳ ಮಂದಿ ಇದ್ದಾರೆ, ಉಳುವವರ ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ಆದರೆ ವಿಮೆ ಅಂದರೆ ಟ್ರಾಫಿಕ್ ಪೊಲೀಸರು ಕೇಳಿದಾಗ ತೋರಿಸುವ ಚೀಟಿ ಅಂತಲೇ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಅದು ದಂಡ ತಪ್ಪಿಸುವ ಚೀಟಿಯಲ್ಲ, ಜಮೀನು ಉಳಿಸುವ ಕಾಗದ. ಇದೇ ಇವತ್ತಿನ ಮಾತಿನ ಸಾರ.

ವಿಮೆ ನಮಗೆ ಹೊಸದೂ ಅಲ್ಲ, ಪರಕೀಯವೂ ಅಲ್ಲ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಶಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಅವರ ತತ್ವ ಏನು? ಹತ್ತು ಜನ ಸ್ವಲ್ಪ ಸ್ವಲ್ಪ ಹಾಕಬೇಕು, ಕಷ್ಟ ಬಂದ ಒಬ್ಬನಿಗೆ ಆಗಬೇಕು. ವಿಮೆಯದೂ ಅದೇ ತತ್ವ. 2003ರಲ್ಲಿ ಸಹಕಾರಿ ಸಂಘಗಳ ಮೂಲಕವೇ ಯಶಸ್ವಿನಿ ಆರೋಗ್ಯ ಯೋಜನೆ ಬಂದದ್ದು ನಿಮಗೆಲ್ಲ ಗೊತ್ತು. ಗೊಬ್ಬರದ ಇಫ್ಕೋ ಸಂಸ್ಥೆ ಕೂಡ 2000ರಲ್ಲಿ ಜಪಾನಿನ ಕಂಪನಿಯೊಂದರ ಜೊತೆ ಸೇರಿ ವಿಮಾ ಕಂಪನಿ ಮಾಡಿತು.

ಈಗ ವಿಷಯಕ್ಕೆ ಬರೋಣ. ವಾಹನ ವಿಮೆಯಲ್ಲಿ ಎರಡು ಭಾಗ. ಒಂದು ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ. ಇನ್ನೊಂದು ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆಗುವ ಹಾನಿಗೆ, ಕಳ್ಳತನಕ್ಕೆ, ಬೆಂಕಿಗೆ, ನೆರೆಗೆ. ಎರಡೂ ಸೇರಿದರೆ ಅದಕ್ಕೆ ಪ್ಯಾಕೇಜ್ ಅಥವಾ ಕಾಂಪ್ರಹೆನ್ಸಿವ್ ಪಾಲಿಸಿ ಅಂತ ಹೆಸರು.

ಮೊದಲನೆಯದು ಕಡ್ಡಾಯ. 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಇತ್ತು, 1989ರ ಜುಲೈ 1ರಿಂದ ಜಾರಿಯಲ್ಲಿರುವ 1988ರ ಕಾಯ್ದೆಯ 146ನೇ ಕಲಮಿನಲ್ಲೂ ಇದೆ. ಇಲ್ಲದೆ ಓಡಿಸಿದರೆ 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕರೆ 4,000 ರೂಪಾಯಿ ದಂಡ. ಮೂರು ತಿಂಗಳವರೆಗೆ ಜೈಲೂ ಆಗಬಹುದು. ಆದರೆ ದಂಡ ದೊಡ್ಡದಲ್ಲ. ದೊಡ್ಡದು ಯಾವುದು ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತೇವೆ.

ಪೀಣ್ಯದ ಕಾರ್ಖಾನೆಯಲ್ಲಿ ನಿಗದಿ ಸಂಬಳಕ್ಕೆ ದುಡಿಯುವ 30 ವರ್ಷದ ಒಬ್ಬ ಮನುಷ್ಯ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 20,000 ಸಂಬಳ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ತಾಯಿ. ನಮ್ಮ ಗಾಡಿ ಬಡಿದು ಆತ ತೀರಿಹೋದ. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಥಿ ತೀರ್ಪುಗಳಲ್ಲಿ ಪರಿಹಾರದ ಲೆಕ್ಕ ಹೇಗೆ ಅಂತ ಹೇಳಿದೆ. ವರ್ಷದ ಆದಾಯ 2,40,000. ಮುಂದೆ ಹೆಚ್ಚಬಹುದಾದ ಸಂಬಳಕ್ಕಾಗಿ ಶೇಕಡಾ 40 ಸೇರಿಸಿದರೆ 3,36,000. ಆತನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 2,52,000. ಆ ವಯಸ್ಸಿಗೆ 17ರಿಂದ ಗುಣಿಸಬೇಕು. ಬಂತು 42,84,000 ರೂಪಾಯಿ. ಇದರ ಮೇಲೆ ಬಡ್ಡಿ ಬೇರೆ, ಅಂತ್ಯಕ್ರಿಯೆ ಮುಂತಾದ ಬಾಬ್ತು ಬೇರೆ.

ವಿಮೆ ಇದ್ದರೆ ಇದನ್ನು ಕಂಪನಿ ಕೊಡುತ್ತದೆ. ಸಾವು ಮತ್ತು ಗಾಯಕ್ಕೆ ಇಷ್ಟೇ ಅಂತ ಮಿತಿ ಇಲ್ಲ. ಬೇರೆಯವರ ಆಸ್ತಿಗೆ ಮಾತ್ರ ಕಾರಿಗೆ 7.5 ಲಕ್ಷ, ದ್ವಿಚಕ್ರಕ್ಕೆ 1 ಲಕ್ಷದ ಮಿತಿ ಉಂಟು. ವಿಮೆ ಇಲ್ಲದಿದ್ದರೆ ಮಾಲೀಕನೇ ಕೊಡಬೇಕು. ಕೊಡದಿದ್ದರೆ ಕಾಯ್ದೆಯ 174ನೇ ಕಲಮಿನಂತೆ ನ್ಯಾಯಮಂಡಳಿ ಜಿಲ್ಲಾಧಿಕಾರಿಗಳಿಗೆ ಬರೆಯುತ್ತದೆ. ಅವರು ಅದನ್ನು ಕಂದಾಯ ಬಾಕಿಯಂತೆ ವಸೂಲು ಮಾಡುತ್ತಾರೆ. ಕಂದಾಯ ಬಾಕಿ ವಸೂಲಿ ಅಂದರೆ ಏನು ಅಂತ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಕಂತಿನ ಲೆಕ್ಕ ಕೇಳಿ. 2022ರ ಜೂನ್ 1ರಿಂದ ಬಂದ ಕೇಂದ್ರ ಸರ್ಕಾರದ ದರದಲ್ಲಿ 1000 ಸಿ.ಸಿ. ಒಳಗಿನ ಕಾರಿಗೆ 2,094 ರೂಪಾಯಿ, 1500 ಸಿ.ಸಿ. ತನಕ 3,416, ಅದರ ಮೇಲೆ 7,897. 75ರಿಂದ 150 ಸಿ.ಸಿ. ಬೈಕಿಗೆ 714. ತೆರಿಗೆ ಪ್ರತ್ಯೇಕ. ಇಷ್ಟು ಉಳಿಸೋಕೆ ಹೋಗಿ ಒಂದು ತುಂಡು ಭೂಮಿ ಕಳೆದುಕೊಳ್ಳುವುದೇ?

ಇನ್ನೊಂದು ಮಾತು. ಥರ್ಡ್ ಪಾರ್ಟಿ ದರ ಸರ್ಕಾರ ಕಟ್ಟಿದ್ದು, ಯಾವ ಕಂಪನಿಗೆ ಹೋದರೂ ಅಷ್ಟೇ. ಆ ಭಾಗದಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಯಾರಾದರೂ ಅದರಲ್ಲೂ ಅರ್ಧಕ್ಕೆ ಮಾಡಿಸಿಕೊಡುತ್ತೇವೆ ಅಂದರೆ ಪಾಲಿಸಿಯೇ ನಕಲಿ ಇರಬಹುದು ಅಂತ ಅನುಮಾನ ಪಡಿ.

ಪಾಲಿಸಿ ಇದ್ದೂ ಕೈಕೊಡುವ ಸಂದರ್ಭಗಳಿವೆ. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟರೆ ಕೋರ್ಟು ಕಂಪನಿಯಿಂದ ಪರಿಹಾರ ಕೊಡಿಸಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಅನ್ನಬಹುದು. ಕಾಲೇಜಿಗೆ ಹೋಗುವ ಹುಡುಗರ ಕೈಗೆ ಬೀಗ ಕೊಡುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಒಂದು ಸಮಾಧಾನದ ಸಂಗತಿ: ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ಟೆಂಪೋ ಓಡಿಸಬಹುದು, ಬೇರೆ ಅನುಮತಿ ಬೇಕಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ.

ಎರಡನೆಯದು ಬಳಕೆ. ಸ್ವಂತಕ್ಕೆ ಅಂತ ವಿಮೆ ಮಾಡಿಸಿದ ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಬಿಟ್ಟರೆ, ಕೃಷಿಗೆ ಅಂತ ಮಾಡಿಸಿದ ಟ್ರ್ಯಾಕ್ಟರಿನಲ್ಲಿ ಬಾಡಿಗೆಗೆ ಇಟ್ಟಿಗೆ, ಜಲ್ಲಿ ಹೊಡೆದರೆ ಕಂಪನಿಯವರು ಷರತ್ತು ಮುರಿದಿರಿ ಅನ್ನುತ್ತಾರೆ. ಟ್ರೈಲರಿಗೂ ವಿಮೆ ಇದೆಯೇ ನೋಡಿಕೊಳ್ಳಿ. ಮೂರನೆಯದು ಕೂರಿಸಿಕೊಂಡು ಹೋಗುವ ಜನ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಕಂಪನಿ ಹೊಣೆಯಲ್ಲ ಅಂತ 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ತೀರ್ಪಾಗಿದೆ. ಲಗ್ನ, ಜಾತ್ರೆಗೆ ಟ್ರೈಲರ್ ತುಂಬ ಜನ ಕೂರಿಸಿಕೊಂಡು ಹೋಗುವುದು ಇನ್ನಾದರೂ ನಿಲ್ಲಲಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬೈಕಿನ ಹಿಂದೆ ಕೂತವರಿಗೂ ರಕ್ಷಣೆ ಇಲ್ಲ ಅಂತ 2006ರ ತಿಲಕ್ ಸಿಂಗ್ ತೀರ್ಪು ಹೇಳುತ್ತದೆ. ಪ್ಯಾಕೇಜ್ ಪಾಲಿಸಿ ಇದ್ದರೆ ಕಾರಿನೊಳಗೆ ಕೂತವರೂ ಸೇರುತ್ತಾರೆ ಅಂತ 2012ರ ಬಾಲಕೃಷ್ಣನ್ ತೀರ್ಪು ಇದೆ. ಸ್ವಂತ ಹೆಂಡತಿ ಮಕ್ಕಳೇ ಅಲ್ಲವೇ ನಮ್ಮ ಗಾಡಿಯಲ್ಲಿ ಕೂರುವವರು? ಪ್ಯಾಕೇಜ್ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಕಾರಣ ಬೇಡ.

ಓಡಿಸುವ ಮಾಲೀಕನಿಗೂ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ 2018ರಿಂದ ಇದೆ. ಬೇರೆ ಕಡೆ ಅಷ್ಟು ಮೊತ್ತದ ಅಪಘಾತ ವಿಮೆ ಇದ್ದರೆ ಇಲ್ಲಿ ಮತ್ತೆ ಕಟ್ಟಬೇಕಿಲ್ಲ. ಇದಕ್ಕೆ ಮಾಲೀಕನಿಗೆ ಲೈಸೆನ್ಸ್ ಇರಬೇಕು, ನಾಮಿನಿ ಹೆಸರು ಸರಿಯಾಗಿ ಬರೆದಿರಬೇಕು.

ಈಗ ಕೊಳ್ಳುವ ವಿಚಾರ. ಚೌಕಾಸಿ ಇರುವುದೆಲ್ಲ ಓನ್ ಡ್ಯಾಮೇಜ್ ಭಾಗದಲ್ಲಿ. 2007ರ ಜನವರಿಯಿಂದ ಈ ದರ ಕಂಪನಿಗಳಿಗೇ ಬಿಟ್ಟದ್ದು. ಹಾಗಾಗಿ ಮೂರು ಕಡೆಯಾದರೂ ಕೇಳಬೇಕು. ಆದರೆ ರಾಗಿ ಕೊಳ್ಳುವಾಗ ಒಂದು ಕಡೆ ದೊಡ್ಡ ಸೇರು, ಇನ್ನೊಂದು ಕಡೆ ಚಿಕ್ಕ ಸೇರು ಇಟ್ಟು ಬೆಲೆ ಹೋಲಿಸಿದರೆ ಆಗುತ್ತದೆಯೇ? ಇಲ್ಲೂ ಅಳತೆ ಒಂದೇ ಇರಬೇಕು.

ಮೊದಲ ಅಳತೆ ಐ.ಡಿ.ವಿ., ಅಂದರೆ ಗಾಡಿಯ ವಿಮಾ ಬೆಲೆ. ಕಳುವಾದರೆ, ಪೂರ್ತಿ ಜಖಂ ಆದರೆ ಸಿಗುವ ಹಣ ಅದೇ. ಮೊದಲ ಆರು ತಿಂಗಳು ಶೇ. 5 ಸವಕಳಿ, ವರ್ಷದೊಳಗೆ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಕಂಪನಿಯ ಪಟ್ಟಿಯಲ್ಲಿ 8 ಲಕ್ಷ ಬೆಲೆಯ ಕಾರು ಮೂರು ವರ್ಷ ದಾಟಿದ್ದರೆ 4,80,000 ಆಗಬೇಕು. ಅದನ್ನು 4 ಲಕ್ಷ ಅಂತ ಬರೆದು ಕಂತು ಕಡಿಮೆ ತೋರಿಸಿದರೆ, ಕಾರು ಕಳುವಾದ ದಿನ 80,000 ನಮ್ಮ ಕೈ ಬಿಟ್ಟಿತು.

ಎರಡನೆಯದು ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಕಂತಿನಲ್ಲಿ 20, 25, 35, 45, ಕೊನೆಗೆ ಶೇ. 50 ರಿಯಾಯಿತಿ. ಇದು ಗಾಡಿಯದಲ್ಲ, ಮಾಲೀಕನದು. ಹಳೇ ಕಾರು ಮಾರಿ ಹೊಸದು ಕೊಂಡರೆ, ಕಂಪನಿ ಬದಲಿಸಿದರೆ ಜೊತೆಗೆ ಒಯ್ಯಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೆ ಹೋಯಿತು. ಇನ್ನೊಂದು ಲೆಕ್ಕ ನೋಡಿ. ಮೂಲ ಕಂತು 10,000, ನಮಗೆ ಶೇ. 50 ಬೋನಸ್ ಇದೆ, ಅಂದರೆ ಕಟ್ಟುವುದು 5,000. ಗೋಡೆಗೆ ಉಜ್ಜಿ 5,000 ರೂಪಾಯಿ ರಿಪೇರಿ ಬಂತು. 1500 ಸಿ.ಸಿ. ಒಳಗಿನ ಕಾರಿಗೆ ನಾವು ಹಾಕಲೇಬೇಕಾದ 1,000 ಕಳೆದು ಹೆಚ್ಚೆಂದರೆ 4,000 ಸಿಗುತ್ತದೆ. ಮುಂದಿನ ವರ್ಷ ಬೋನಸ್ ಹೋಗಿ ಕಂತು 5,000 ಜಾಸ್ತಿ. ಲಾಭ ಎಲ್ಲಿ ಬಂತು? ಸಣ್ಣಪುಟ್ಟದ್ದಕ್ಕೆ ಕೈಯಿಂದಲೇ ಹಾಕಿಕೊಳ್ಳುವುದು ಮೇಲು.

ಮೂರನೆಯದು ಬಿಡಿಭಾಗದ ಸವಕಳಿ. ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ಅರ್ಧ ಬೆಲೆಯೇ ಸಿಗುವುದು. ಈಗಿನ ಕಾರಿನ ಬಂಪರೆಲ್ಲ ಪ್ಲಾಸ್ಟಿಕ್ಕೇ. ಹೊಸ ಕಾರಿಗೆ ಜೀರೋ ಡಿಪ್ರಿಸಿಯೇಷನ್ ಅನ್ನುವ ಹೆಚ್ಚುವರಿ ರಕ್ಷಣೆ ತೆಗೆದುಕೊಂಡರೆ ಈ ಕಡಿತ ತಪ್ಪುತ್ತದೆ. ಎಂಜಿನ್ ರಕ್ಷಣೆ ಬೇರೆಯೇ ಇದೆ. 2022ರ ಸೆಪ್ಟೆಂಬರಿನಲ್ಲಿ ಯಮಲೂರು ಕಡೆ ನೆರೆ ಬಂದು ಕಾರುಗಳು ಮುಳುಗಿದ್ದನ್ನು ಟಿ.ವಿ.ಯಲ್ಲಿ ನೋಡಿದ್ದೀರಿ. ನೆರೆ ಹಾನಿ ಪ್ಯಾಕೇಜಿನಲ್ಲಿ ಸೇರಿದೆ, ಆದರೆ ನೀರು ಹೊಕ್ಕ ಗಾಡಿಯನ್ನು ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಈ ರಕ್ಷಣೆ ಇಲ್ಲದವರಿಗೆ ಕಂಪನಿಯವರು ಕೊಡುವುದಿಲ್ಲ ಅನ್ನುತ್ತಾರೆ. ನೀರಿನಲ್ಲಿ ನಿಂತ ಗಾಡಿಯ ಬೀಗ ತಿರುಗಿಸಲೇಬೇಡಿ, ಎಳೆಸಿಕೊಂಡು ಹೋಗಿ. ಕಂಪನಿಗಳು ಕೊಡುವ ಉಳಿದ ಹೆಚ್ಚುವರಿಗಳೆಲ್ಲ ಎಲ್ಲರಿಗೂ ಬೇಕಿಲ್ಲ. ಹಳೇ ಗಾಡಿಗೆ ಹೊಸ ಒಡವೆ ಯಾಕೆ?

ಈ ಮೂರನ್ನೂ ಒಂದೇ ಸಮ ಇಟ್ಟು, ಆಮೇಲೆ ಒಟ್ಟು ಕಂತು ಹೋಲಿಸಿ. ದುಡ್ಡು ಕಂಪನಿಯ ಹೆಸರಿಗೇ ಹೋಗಲಿ. ಏಜೆಂಟರ ಜೇಬಿನಲ್ಲಿ ಕಂತು ಇದ್ದಷ್ಟು ದಿನ, ಚೆಕ್ಕು ವಾಪಸ್ಸಾದರೆ, ನಮಗೆ ರಕ್ಷಣೆ ಇಲ್ಲ. ಪಾಲಿಸಿ ಬಂದ ಮೇಲೆ ಹೆಸರು, ಎಂಜಿನ್ ನಂಬರ್, ಚಾಸಿಸ್ ನಂಬರ್ ಆರ್.ಸಿ.ಗೆ ತಾಳೆ ನೋಡಿ. ಗ್ಯಾಸ್ ಕಿಟ್ ಹಾಕಿಸಿದ್ದರೆ ಅದೂ ನಮೂದಾಗಿರಲಿ. ಓದಿದ ಮಕ್ಕಳಿದ್ದರೆ ಮೊಬೈಲಿನ ಎಂ-ಪರಿವಾಹನದಲ್ಲಿ ವಿಮೆ ದಾಖಲಾಗಿದೆಯೇ ಅಂತ ನೋಡಿಸಿ.

ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಒಂದು ಎಚ್ಚರಿಕೆ. ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆ ಬರುತ್ತದೆ. ಓನ್ ಡ್ಯಾಮೇಜ್ ತಾನಾಗಿ ಬರುವುದಿಲ್ಲ. 14 ದಿನದೊಳಗೆ ಅರ್ಜಿ ಕೊಟ್ಟು ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರಿದವರೂ ಆರ್.ಸಿ. ಬದಲಾಗುವ ತನಕ ನಿಶ್ಚಿಂತೆಯಿಂದ ಇರಬಾರದು, ಪುಸ್ತಕದಲ್ಲಿ ಹೆಸರಿದ್ದವನಿಗೇ ನೋಟೀಸು ಬರುತ್ತದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಬರುತ್ತದೆ. ಅದನ್ನು ನೋಡಿ ಎಲ್ಲವೂ ಇದೆ ಅಂತ ಸುಮ್ಮನಾಗಬೇಡಿ, ಓನ್ ಡ್ಯಾಮೇಜ್ ವರ್ಷಕ್ಕೇ ಮುಗಿದಿರಬಹುದು.

ಅಪಘಾತ ಆದರೆ ಮೊದಲು ಗಾಯಾಳು, ಆಮೇಲೆ ಗಾಡಿ. 108ಕ್ಕೆ, 112ಕ್ಕೆ ಫೋನ್ ಮಾಡಿ. ಪೊಲೀಸರಿಗೆ ತಿಳಿಸಿ, ಫೋಟೋ ತೆಗೆಯಿರಿ, ಅದೇ ದಿನ ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವ ಮುಂಚೆ ರಿಪೇರಿಗೆ ಬಿಚ್ಚಿಸಬೇಡಿ. ಕ್ಲೇಮ್ ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೇಳಿ. ಕಂಪನಿಗೆ ಬರೆದ ದೂರಿಗೆ ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಕಡೆಯದಾಗಿ ಒಂದು ಸಲಹೆ. ಪಾಲಿಸಿ ಮುಗಿದ ರಾತ್ರಿ 12 ಗಂಟೆಯ ನಂತರ ಒಂದು ನಿಮಿಷದ ವಿನಾಯಿತಿಯೂ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಪ್ರಯೋಜನ? ಬೆಳ್ಳಿಹಬ್ಬದ ನೆನಪಿಗೆ ಸಂಘದ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇಡೋಣ. ಸದಸ್ಯರ ಹೆಸರು, ಗಾಡಿ ನಂಬರು, ಪಾಲಿಸಿ ಮುಗಿಯುವ ತಾರೀಖು, ಇಷ್ಟೇ ಅದರಲ್ಲಿ. ತಿಂಗಳ ಮೊದಲ ವಾರ ಆ ತಿಂಗಳ ಪಟ್ಟಿ ನೋಟೀಸ್ ಬೋರ್ಡಿಗೆ ಹಾಕೋಣ. ಬರುವಾಗ ಪಾಲಿಸಿ ಕಾಗದವನ್ನೂ ತನ್ನಿ, ಅದರಲ್ಲಿ ಏನಿದೆ ಏನಿಲ್ಲ ಅಂತ ಕೂತು ಓದೋಣ. ಇದಕ್ಕೆ ಸಂಘಕ್ಕೆ ಆಗುವ ಖರ್ಚು ಒಂದು ಪುಸ್ತಕದ್ದು ಮಾತ್ರ. ಆಡಳಿತ ಮಂಡಳಿ ಒಪ್ಪಿದರೆ ಆ ಪುಸ್ತಕ ಬರೆಯುವ ಕೆಲಸ ನಮಗೇ ಇರಲಿ.