ಮನೆಯಲ್ಲಿ ಧ್ವನಿವರ್ಧಕಕ್ಕೆ ತಕ್ಕ ಜಾಗ

ಕುಂದಾಪುರದ ಕಡೆ ಮಳೆಗಾಲವೆಂದರೆ ತಾಳಮದ್ದಳೆಯ ಕಾಲ. ಹೋದ ಆಷಾಢದಲ್ಲಿ ನಮ್ಮ ಅಪ್ಪಯ್ಯ ಚಾವಡಿಯಲ್ಲಿ ಕುಳಿತು ಪ್ರಸಂಗವೊಂದರ ಧ್ವನಿಮುದ್ರಿಕೆ ಕೇಳುತ್ತಿದ್ದವರು, "ಮಾತೊಂದೂ ಗೊತ್ತಾತಿಲ್ಲೆ ಮಗಾ" ಎಂದು ಎದ್ದುಬಿಟ್ಟರು. ಕಿವಿ ಹೋಯಿತೆಂದೇ ಅವರ ನಂಬಿಕೆ. ಇನ್ನು ಕೇಳುವುದೇ ಬೇಡವೆಂದರು. ಎಂಬತ್ತರ ಕಿವಿಯೆಂಬುದು ನಿಜವೇ. ಆದರೆ ಅರ್ಧ ತಪ್ಪು, ಎರಡು ಸ್ಪೀಕರ್ ಪೆಟ್ಟಿಗೆಗಳನ್ನೂ ಮೂಲೆಗೆ ಒತ್ತಿಟ್ಟ ನನ್ನದು.

ಈ ಮೂಲೆಯ ಅಭ್ಯಾಸ ಹಳೆಯದು. ಮಂಗಳೂರು ಆಕಾಶವಾಣಿ ಆರಂಭವಾದದ್ದು 1976ರಲ್ಲಿ. ಅದಕ್ಕೆ ಮೊದಲು ದೂರದ ಧಾರವಾಡ, ಬೆಂಗಳೂರುಗಳನ್ನು ಹಿಡಿಯಬೇಕಾಗಿದ್ದಾಗ ಏರಿಯಲ್ ತಂತಿ ಒಳಬರುವ ಕಡೆಯಲ್ಲೇ ರೇಡಿಯೋ ಕೂರುತ್ತಿತ್ತು, ಕಸೂತಿಯ ಬಟ್ಟೆ ಹೊದ್ದು. ಈಗ ತಂತಿ ಹೋಯಿತು, ಮೂಲೆ ಹೋಗಿಲ್ಲ.

ಮೂಲೆಯಲ್ಲಿ ಆಗುವುದೇನು? ತಗ್ಗು ಸ್ವರದ ಅಲೆ ಬಹಳ ಉದ್ದ. ಸೆಕೆಂಡಿಗೆ 100 ಕಂಪನಗಳ ನಾದಕ್ಕೆ ಸುಮಾರು 11 ಅಡಿ. ಅದು ಪೆಟ್ಟಿಗೆಯ ಹಿಂದಕ್ಕೂ ಹರಡಿ, ಎರಡು ಗೋಡೆಗಳಿಂದಲೂ ನೆಲದಿಂದಲೂ ಮರಳಿ, ಮುಂದಿನ ದನಿಯೊಡನೆ ಕೂಡಿಕೊಳ್ಳುತ್ತದೆ. ಮದ್ದಳೆಯ ಗುಮ್ಮೆಂಬ ನಾದ ಉಬ್ಬುತ್ತದೆ. ಕ, ತ, ಸ ಮುಂತಾದ ವ್ಯಂಜನಗಳು ಅದರಡಿ ಹೂತುಹೋಗುತ್ತವೆ. ಮಾತು ತಿಳಿಯುವುದು ಆ ವ್ಯಂಜನಗಳಿಂದಲೇ ಅಲ್ಲವೆ?

ಹಂಚಿನ ಮನೆಯ ಇಳಿಜಾರು ಮಾಡು ದನಿಯನ್ನು ಚದುರಿಸಿ, ಸಂದುಗಳಲ್ಲಿ ಹೊರಗೂ ಬಿಡುತ್ತದೆ. ನಮ್ಮದು ಈಗ ತಾರಸಿ ಮನೆ, ನುಣ್ಣನೆಯ ಗೋಡೆ. ಅಂಥ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಝಣ್ಣೆಂದು ಎಳೆದರೆ ಮಾತೂ ಹಾಗೆಯೇ ಕಲಸಿಹೋಗುತ್ತದೆ.

ಪೆಟ್ಟಿಗೆಗಳನ್ನು ಗೋಡೆಯಿಂದ ಎರಡಡಿ ಈಚೆಗೆ, ಮೂಲೆಯಿಂದ ಇನ್ನೂ ದೂರಕ್ಕೆ ತಂದೆ. ಅವೆರಡರ ನಡುವೆ ಏಳಡಿ. ಅವುಗಳಿಂದ ಕುರ್ಚಿಗೂ ಅಷ್ಟೇ. ಏರು ಸ್ವರ ಹೊರಡಿಸುವ ಚಿಕ್ಕ ಸ್ಪೀಕರು ಕುಳಿತವರ ಕಿವಿಯ ಮಟ್ಟಕ್ಕೆ ಬಂತು. ಆಮೇಲೆ ಕನ್ನಡಿಯ ಉಪಾಯ. ಅಪ್ಪಯ್ಯನವರನ್ನು ಕೂರಿಸಿ, ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತ ಹೋದೆ. ಅದರಲ್ಲಿ ಅವರಿಗೆ ಪೆಟ್ಟಿಗೆ ಕಂಡ ಜಾಗದಿಂದಲೇ ದನಿಯೂ ಪುಟಿದು ಅವರ ಕಿವಿಗೆ ಬರುವುದು. ಅಲ್ಲಿ ದಪ್ಪ ಕಂಬಳಿ ತೂಗುಹಾಕಿದೆ. ತೆಳು ಸೀರೆ ಸಾಲದು. ಮನೆಯಾಕೆಯಿಂದ ಬೈಸಿಕೊಂಡದ್ದೇ ಲಾಭ.

ಮಳೆ ಜೋರಾದಾಗ ಗುಂಡಿ ತಿರುಗಿಸುವ ಮೊದಲು ಕುರ್ಚಿ ಮುಂದಕ್ಕೆಳೆಯಿರಿ. ದೂರ ಅರ್ಧವಾದರೆ ನೇರ ಬರುವ ದನಿಯ ತೀವ್ರತೆ ಸುಮಾರು ನಾಲ್ಕು ಪಟ್ಟು.

ಮರುದಿನ ರಾತ್ರಿ ಅದೇ ಪ್ರಸಂಗ ಹಾಕಿದೆ. ಸ್ವಲ್ಪ ಹೊತ್ತಿಗೆ ಅಪ್ಪಯ್ಯ, ಕೌರವನ ಅರ್ಥ ಹೇಳುತ್ತಿದ್ದವರ ವಾದದಲ್ಲಿ ತಪ್ಪು ಹಿಡಿಯತೊಡಗಿದರು.