ಸದ್ದು ಮೇಲಿನಿಂದ ಬಂತು ಎಂದು ಕಿವಿಗೆ ಹೇಳಿದ್ದು ಯಾರು?

ಕೊಡಗಿನ ಬಾಳೆಲೆ ಊರಿನಲ್ಲಿ ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಟಿವಿಯ ಸದ್ದನ್ನು ಎಷ್ಟು ಏರಿಸಿದರೂ ಸಾಲದು. ಹೆಂಚಿನ ಮನೆಯಲ್ಲಾದರೆ ಹೇಗೋ ನಡೆದೀತು, ಶೀಟು ಹೊದಿಸಿದ ಮನೆಯಲ್ಲಂತೂ ಸಿನಿಮಾದವರು ಬರೀ ಬಾಯಿ ಆಡಿಸುತ್ತಿರುತ್ತಾರೆ. ಸಿನಿಮಾದೊಳಗೂ ಆಗ ಮಳೆ ಸುರಿಯುತ್ತಿದೆ ಎಂದುಕೊಳ್ಳಿ. ಆ ಮಳೆ ಕೇಳಿಸುವುದು ಎದುರಿನ ಗೋಡೆಯ ಕಡೆಯಿಂದ, ನಿಮ್ಮೂರಿನ ಮಳೆ ಕೇಳಿಸುವುದು ತಲೆಯ ಮೇಲಿನಿಂದ. ಕಣ್ಣು ಮುಚ್ಚಿ ಕುಳಿತರೂ ಈ ಎರಡು ಮಳೆಗಳು ಒಂದರೊಳಗೊಂದು ಬೆರೆಯುವುದಿಲ್ಲ. ಯಾಕೆ?

ಮೊದಲು ಎಡ–ಬಲದ ವಿಷಯ ಮುಗಿಸೋಣ, ಅದು ಸುಲಭ. ನಾಯಿ ನಿಮ್ಮ ಬಲಗಡೆ ನಿಂತು ಬೊಗಳಿದರೆ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ. ಎಡಗಿವಿಗೆ ಬರಲು ಅದು ತಲೆಯನ್ನು ಬಳಸಿಕೊಂಡು ಬರಬೇಕು. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹಾಗಾಗಿ ತಡವಾಗುವುದು ಹೆಚ್ಚೆಂದರೆ ಸೆಕೆಂಡಿನ ಹತ್ತು ಸಾವಿರ ಪಾಲುಗಳಲ್ಲಿ ಆರೇಳು ಪಾಲು. ಇಷ್ಟು ಸಣ್ಣ ತಡವೂ ಮಿದುಳಿಗೆ ಧಾರಾಳವಾಯಿತು. ಸೆಕೆಂಡಿನ ಒಂದು ಲಕ್ಷ ಪಾಲುಗಳಲ್ಲಿ ಒಂದೇ ಒಂದು ಪಾಲಿನ ವ್ಯತ್ಯಾಸವನ್ನೂ ಹಿಡಿಯಬಲ್ಲ ಕಿವಿಗಳಿವೆ. ಜೊತೆಗೆ, ದೂರದ ಕಿವಿ ತಲೆಯ ಮರೆಯಲ್ಲಿರುವುದರಿಂದ ಅದಕ್ಕೆ ಸದ್ದು ತುಸು ಮೆಲ್ಲಗೆ ಕೇಳಿಸುತ್ತದೆ.

ಈಗ ಪೇಚಿನ ಪ್ರಶ್ನೆ. ಸದ್ದು ನೆತ್ತಿಯ ನೇರ ಮೇಲಿನಿಂದ ಬಂದರೆ ಎರಡೂ ಕಿವಿಗೆ ಒಂದೇ ದೂರ, ಒಂದೇ ಹೊತ್ತು, ಒಂದೇ ಜೋರು. ಮೂಗಿನ ನೇರಕ್ಕೆ, ಎದುರಿನಿಂದ ಬಂದರೂ ಅಷ್ಟೇ. ಬೆನ್ನ ಹಿಂದಿನಿಂದ ಬಂದರೂ ಅಷ್ಟೇ. ಎರಡು ಕಿವಿಗಳನ್ನು ಹೋಲಿಸಿ ನೋಡುವ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾಗಿದ್ದೂ ಬಾಳೆಲೆಯ ಕಾಫಿ ತೋಟದಲ್ಲಿ ನಿಂತವರಿಗೆ ಮಂಗಟ್ಟೆ ಹಕ್ಕಿ ನೆರಳು ಮರಗಳ ಮೇಲೆ ಹಾರಿತೇ ಹೊರತು ಗಿಡಗಳ ನಡುವೆ ಅಲ್ಲ ಎಂದು ನೋಡುವ ಮೊದಲೇ ಗೊತ್ತಾಗುತ್ತದೆ. ಅಂದಹಾಗೆ, ದೊಡ್ಡ ಮಂಗಟ್ಟೆಯ ರೆಕ್ಕೆಯ ಬುಡದಲ್ಲಿ ಗಾಳಿ ತಡೆಯುವ ಸಣ್ಣ ಗರಿಗಳು ಕಡಿಮೆ. ಗರಿಗಳ ಸಂದಿಯಲ್ಲಿ ಗಾಳಿ ನುಗ್ಗುವುದರಿಂದಲೇ ಅದು ಹಾರುವಾಗ ಭುಸ್ ಭುಸ್ ಸದ್ದು.

ಉತ್ತರ ಇರುವುದು ನಿಮ್ಮ ಹಾಲೆಕಿವಿಯಲ್ಲಿ, ಅಂದರೆ ತಪ್ಪು ಮಾಡಿದಾಗ ದೊಡ್ಡವರು ಹಿಡಿದು ಹಿಂಡುವ ಭಾಗದಲ್ಲಿ. ಕನ್ನಡಿಯಲ್ಲಿ ಒಮ್ಮೆ ನೋಡಿಕೊಳ್ಳಿ, ಎಷ್ಟೊಂದು ಮಡಿಕೆ, ಎಷ್ಟೊಂದು ಗುಳಿ! ಅವು ಅಂದಕ್ಕೆ ಇರುವುದಲ್ಲ. ಬಂದ ಸದ್ದಿನಲ್ಲಿ ಒಂದಿಷ್ಟು ನೇರ ಕಿವಿಯೊಳಗೆ ಹೋಗುತ್ತದೆ. ಉಳಿದದ್ದು ಈ ಮಡಿಕೆಗಳಿಗೆ ತಾಗಿ ಒಂಚೂರು ತಡವಾಗಿ ಒಳಗೆ ಸೇರುತ್ತದೆ. ಎರಡೂ ಕೂಡಿದಾಗ ಕೆಲವು ಕೀಚಲು ಸ್ವರಗಳು ಮಂಕಾಗುತ್ತವೆ, ಕೆಲವು ಏರುತ್ತವೆ. ಯಾವುದು ಮಂಕು, ಯಾವುದು ಏರು ಎಂಬುದು ಸದ್ದು ಎಷ್ಟು ಎತ್ತರದಿಂದ ಬಂತು ಎಂಬುದರ ಮೇಲೆ ನಿಂತಿದೆ. ಹುಟ್ಟಿದಂದಿನಿಂದ ಇದನ್ನು ಕೇಳಿ ಕೇಳಿ ಮಿದುಳು ಆ ಗುರುತುಗಳನ್ನೆಲ್ಲ ಕಲಿತುಬಿಟ್ಟಿದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಣ್ಣು ಮುಚ್ಚಿ, ತಲೆ ಅಲ್ಲಾಡಿಸದೆ ಕುಳಿತುಕೊಳ್ಳಿ. ಅಕ್ಕನೋ ತಮ್ಮನೋ ಬೀಗದ ಕೈಗೊಂಚಲನ್ನು ಒಮ್ಮೆ ಮೂಗಿನ ಎದುರು, ಒಮ್ಮೆ ನೆತ್ತಿಯ ಮೇಲೆ, ಒಮ್ಮೆ ಹಿಂದೆ ಕುಲುಕಲಿ. ನೀವು ಬೆರಳು ತೋರಿಸಿ. ಬಳಿಕ ಎರಡೂ ಹಾಲೆಕಿವಿಗಳನ್ನು ಬೆರಳಿನಿಂದ ಮಡಚಿ ಹಿಡಿದು ಮತ್ತೆ ಆಡಿ. ನಿಮ್ಮ ಬೆರಳು ಎಲ್ಲೆಲ್ಲಿಗೋ ಹೋಗುತ್ತದೆ, ಸುತ್ತಲಿನವರಿಗೆ ನಗು. ಕಿವಿಯೊಳಗೆ ಮಾತ್ರ ಏನನ್ನೂ ತುರುಕಬೇಡಿ.

ನೆದರ್ಲೆಂಡ್ಸಿನ ವಿಜ್ಞಾನಿಗಳು ಇದೇ ಆಟವನ್ನು ಇನ್ನೂ ಗಂಭೀರವಾಗಿ ಆಡಿದರು. ಕೆಲವರ ಹಾಲೆಕಿವಿಯ ಗುಳಿಗೆ ಅಳತೆಗೆ ತಕ್ಕ ಅಚ್ಚು ಕೂರಿಸಿ ಕಿವಿಯ ಆಕಾರವನ್ನೇ ಬದಲಿಸಿದರು. ಎಡ–ಬಲ ಹೇಳುವುದು ಅವರಿಗೆ ಕಷ್ಟವಾಗಲಿಲ್ಲ, ಮೇಲೆ–ಕೆಳಗೆ ಹೇಳುವುದು ಮಾತ್ರ ಕೆಟ್ಟುಹೋಯಿತು. ಅಚ್ಚು ಹಾಕಿಕೊಂಡೇ ಅವರು ಎಂದಿನಂತೆ ಓಡಾಡಿಕೊಂಡಿದ್ದರು. ಕೆಲವೇ ವಾರಗಳಲ್ಲಿ ಮಿದುಳು ಹೊಸ ಕಿವಿಯ ಗುರುತುಗಳನ್ನು ಕಲಿತುಕೊಂಡಿತು! ಅಚ್ಚು ತೆಗೆದರೆ ಹಳೆಯ ಪಾಠವೇನಾದರೂ ಮರೆತಿತ್ತೇ? ಇಲ್ಲ, ಕೂಡಲೇ ಸರಿಯಾಗಿ ಕೇಳಿಸಿತು. 1998ರಲ್ಲಿ ಪ್ರಕಟವಾದ ಈ ಪ್ರಯೋಗ ನನಗೆ ಬಹಳ ಇಷ್ಟ.

ಮಡಿಕೆಗಳ ಈ ಉಪಾಯ ನಡೆಯುವುದು ಕೀಚಲು ಸ್ವರಗಳಲ್ಲಿ ಮಾತ್ರ. ದಪ್ಪ ಸ್ವರದ ಅಲೆಗಳು ಮೀಟರುಗಟ್ಟಲೆ ಉದ್ದ, ಕಿವಿಯ ಪುಟ್ಟ ಮಡಿಕೆ ಅವಕ್ಕೆ ಲೆಕ್ಕಕ್ಕೇ ಇಲ್ಲ. ನಾಗರಹೊಳೆ ಕಾಡಿನ ಆನೆಗಳು ಬಾಳೆಲೆಯ ತೋಟಗಳಿಗೆ ಹೊಸಬರಲ್ಲ ತಾನೆ? ಅವುಗಳ ಗುಡುಗುಟ್ಟುವ ಮಾತಿನ ಒಂದು ಭಾಗ ಸೆಕೆಂಡಿಗೆ ಇಪ್ಪತ್ತು ಕಂಪನಕ್ಕಿಂತಲೂ ಕೆಳಗಿಳಿಯುತ್ತದೆ, ನಮ್ಮ ಕಿವಿಗೆ ಕೇಳಿಸುವುದೇ ಇಲ್ಲ. ಇಪ್ಪತ್ತು ಕಂಪನದ ಒಂದು ಅಲೆಯ ಉದ್ದವೇ 17 ಮೀಟರ್. ಹೋಮ್ ಥಿಯೇಟರಿನಲ್ಲಿ ಧಡ್ ಧಡ್ ಎನ್ನುವ ಸಬ್‌ವೂಫರ್ ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟರೂ ಸೋಫಾದ ಪಕ್ಕ ಇಟ್ಟರೂ ನಡೆಯುವುದು ಇದರಿಂದಲೇ. ಅದು ಎಲ್ಲಿದೆ ಎಂದು ಕಿವಿ ಕೇಳುವುದಿಲ್ಲ.

ಸಿನಿಮಾದವರಿಗೆ ತಲೆಯ ಮೇಲಿನ ಸದ್ದು ಬಹಳ ಕಾಲ ಕೈಗೆ ಸಿಕ್ಕಿರಲಿಲ್ಲ. ಸ್ಪೀಕರುಗಳು ಪರದೆಯ ಹಿಂದೆ ಮತ್ತು ಸುತ್ತಲಿನ ಗೋಡೆಗಳಲ್ಲಿ ಇರುತ್ತಿದ್ದವು. 2012ರಲ್ಲಿ ಡಾಲ್ಬಿ ಕಂಪನಿಯ ಅಟ್ಮಾಸ್ ಎಂಬ ಸದ್ದಿನ ವ್ಯವಸ್ಥೆ ಬಂತು. ಅದರ ಮೊದಲ ಸಿನಿಮಾ ಪಿಕ್ಸಾರ್‌ನ ‘ಬ್ರೇವ್’. ಚಿತ್ರಮಂದಿರದ ಚಾವಣಿಯಲ್ಲೂ ಸ್ಪೀಕರುಗಳ ಸಾಲುಗಳು ಕುಳಿತವು. ಇನ್ನೊಂದು ಬದಲಾವಣೆ ಅದಕ್ಕಿಂತ ಜಾಣತನದ್ದು. ಹೆಲಿಕಾಪ್ಟರಿನ ಸದ್ದನ್ನು ಇಂಥದೇ ಸ್ಪೀಕರಿಗೆ ಎಂದು ಕಟ್ಟಿಹಾಕುವ ಬದಲು, ಪಾರ್ಸೆಲಿನ ಮೇಲೆ ವಿಳಾಸ ಬರೆದ ಹಾಗೆ, ಈ ಕ್ಷಣ ಅದು ಕೋಣೆಯ ಎಷ್ಟು ಎಡಕ್ಕೆ, ಎಷ್ಟು ಹಿಂದೆ, ಎಷ್ಟು ಎತ್ತರದಲ್ಲಿದೆ ಎಂದು ಸದ್ದಿನ ಜೊತೆಗೇ ಬರೆದಿಡುತ್ತಾರೆ. ಯಾವ ಸ್ಪೀಕರಿಗೆ ಎಷ್ಟು ಕಳಿಸಬೇಕೆಂಬ ಲೆಕ್ಕ ಅಲ್ಲಿನ ಯಂತ್ರದ್ದು. ಚಿತ್ರಮಂದಿರದ ದೊಡ್ಡ ಯಂತ್ರ 64 ಸ್ಪೀಕರುಗಳವರೆಗೆ ಹಂಚುತ್ತದೆ. 2014ರಿಂದ ಮನೆಗಳಿಗೂ ಇಂಥ ಯಂತ್ರ ಬಂತು. ಪೆಟ್ಟಿಗೆಯ ಮೇಲೆ 5.1.2 ಎಂದಿದ್ದರೆ ಸುತ್ತಲೂ ಐದು, ಸಬ್‌ವೂಫರ್ ಒಂದು, ತಲೆಯ ಮೇಲೆ ಎರಡು ಎಂದರ್ಥ.

ಆ ಕೊನೆಯ ಎರಡನ್ನು ಎಲ್ಲಿ ಹಾಕುವುದು? ಕುಳಿತವರ ನೆತ್ತಿಗಿಂತ ತುಸು ಮುಂದೆ, ಚಾವಣಿಯಲ್ಲಿ, ಎಡಕ್ಕೊಂದು ಬಲಕ್ಕೊಂದು. ಚಾವಣಿ ಕೊರೆಯಲು ಮನಸ್ಸಿಲ್ಲದವರಿಗಾಗಿ ಮೇಲಕ್ಕೆ ಮುಖ ಮಾಡಿದ ಸ್ಪೀಕರುಗಳೂ ಸಿಗುತ್ತವೆ. ಅವು ಕುಳಿತವರ ಕಿವಿಯ ಮಟ್ಟದಲ್ಲೋ ಅದಕ್ಕಿಂತ ತುಸು ಮೇಲೋ ಕೂತು ಸದ್ದನ್ನು ಚಾವಣಿಗೆ ಎಸೆಯುತ್ತವೆ, ಅದು ತಾಗಿ ನಿಮ್ಮತ್ತ ಇಳಿಯುತ್ತದೆ. ಹಾಲೆಕಿವಿ ಮಾಡುವ ಏರುತಗ್ಗುಗಳನ್ನು ಅನುಕರಿಸಿ ಸದ್ದನ್ನು ಮೊದಲೇ ತಿದ್ದಿಯೂ ಇರುತ್ತಾರೆ. ಆದರೆ ಇದಕ್ಕೆಲ್ಲ ಚಾವಣಿ ಚಪ್ಪಟೆಯಾಗಿ, ಗಟ್ಟಿಯಾಗಿ, ಸುಮಾರು ಎಂಟರಿಂದ ಹನ್ನೆರಡು ಅಡಿ ಎತ್ತರದೊಳಗೆ ಇದ್ದರೆ ಒಳ್ಳೆಯದು. ತಾರಸಿ ಮನೆಗಾದರೆ ಸರಿ. ಮರದ ಮುಚ್ಚಿಗೆ ಇರುವ ಹಳೆಯ ಮನೆಗೂ ಆದೀತು. ಬರೀ ಹೆಂಚಿನ ಇಳಿಜಾರು ಮಾಡಾದರೆ ತಾಗಿದ ಸದ್ದು ಎದುರು ಗೋಡೆಗೋ ಕಿಟಕಿಗೋ ಹೋಗಿಬಿಡುತ್ತದೆ. ಅಂಥ ಮನೆಯವರು ಮೇಲ್ಮುಖದ ಸ್ಪೀಕರಿಗೆ ದುಡ್ಡು ಹಾಕುವುದು ದಂಡ, ತೊಲೆಗೆ ಎರಡು ಸಣ್ಣ ಸ್ಪೀಕರು ಬಿಗಿಸುವುದೇ ಮೇಲು. ಸೋರುವ ಹೆಂಚಿನ ಕೆಳಗಂತೂ ಬೇಡ.

ಏಣಿ ಹತ್ತುವುದು, ಗೋಡೆ ಕೊರೆಯುವುದು, ವೈರು ಎಳೆಯುವುದು ದೊಡ್ಡವರ ಕೆಲಸ. ಸರಿಯಾಗಿ ಕೂತಿತೇ ಎಂದು ಪರೀಕ್ಷಿಸುವ ಕೆಲಸವನ್ನು ಮಾತ್ರ ನೀವು ಕೇಳಿ ಪಡೆಯಿರಿ. ವಯಸ್ಸಾದಂತೆ ತೀರಾ ಕೀಚಲು ಸ್ವರಗಳು ಕಿವಿಗೆ ಕೇಳಿಸದಾಗುತ್ತವೆ, ಎತ್ತರದ ಗುರುತು ಇರುವುದೋ ಆ ಸ್ವರಗಳಲ್ಲೇ. ಹಾಗಾಗಿ ಈ ಒಂದು ವಿಷಯದಲ್ಲಿ ಅಪ್ಪನ ಕಿವಿಗಿಂತ, ತಾತನ ಕಿವಿಗಿಂತ ನಿಮ್ಮ ಕಿವಿಯೇ ಚುರುಕು.